ವಿದ್ಯಾರ್ಥಿ ನಾಯಕತ್ವ ಮತ್ತು ಭಾವವಿವೇಕ

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಕೌರವರನ್ನು ತರಿದುಬಿಡುವೆನೆಂದು ಜಂಬ ಕೊಚ್ಚಿದ ವಿರಾಟರಾಜನ ಮಗ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡಿದ. ಈ ಕಥೆಯನ್ನು ಕುಮಾರವ್ಯಾಸಭಾರತದ ಗಮಕದಲ್ಲಿ ಕೇಳಿ, ಯಕ್ಷಗಾನದ ರಂಗಸ್ಥಳದಲ್ಲಿ ಕಂಡು ನಾವು ತಲೆಮಾರುಗಳಿಂದ ನಕ್ಕಿದ್ದೇವೆ. ಆದರೆ ನಗು ಮುಗಿಯುವ ಹೊತ್ತಿಗೆ ನಮ್ಮ ಗಮನವೂ ಮುಗಿದುಹೋಗುತ್ತದೆ. ಓಡಿಹೋದ ಹುಡುಗನನ್ನು ಅಟ್ಟಿ ಹಿಡಿದು ತಂದ ಮೇಲೆ, ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅವನನ್ನು ಹೇಗೆ ನಡೆಸಿಕೊಂಡ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ನನ್ನ ಇಂದಿನ ಮಾತು ಅಲ್ಲಿಂದಲೇ ಪ್ರಾರಂಭವಾಗಬೇಕು. ಏಕೆಂದರೆ ಉತ್ತರಕುಮಾರನ ವಯಸ್ಸು ನಮ್ಮ ಕಾಲೇಜು ಹುಡುಗರ ವಯಸ್ಸು; ಅವನ ಜಂಬವೂ ಅಂಜಿಕೆಯೂ ಅವರವೇ.

ಅರ್ಜುನ ಅವನನ್ನು ಹೀಯಾಳಿಸಿ ಊರಿಗೆ ಅಟ್ಟಲಿಲ್ಲ. 'ನೀನು ಅಂಜಿಲ್ಲ' ಎಂಬ ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಅಂಜಿಕೆಯನ್ನು ಅಂಜಿಕೆಯೆಂದೇ ಒಪ್ಪಿಕೊಂಡು, 'ಕಾದಲಾರೆಯಾದರೆ ಬೇಡ, ಕುದುರೆಯ ಹಗ್ಗ ಹಿಡಿ, ಕಾದುವುದನ್ನು ನನಗೆ ಬಿಡು' ಎಂಬ ಅರ್ಥದ ಮಾತನ್ನಾಡಿ, ಅಂಜಿದವನ ಕೈಗೆ ಒಂದು ಕೆಲಸ ಕೊಟ್ಟ. ಓಡುತ್ತಿದ್ದ ಕಾಲು ರಥದಲ್ಲಿ ಊರಿ ನಿಂತಿತು. ನಾಯಕತ್ವವೆಂದರೇನು ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ತೋರಿಸುವುದು ಆ ಕ್ಷಣವನ್ನೇ.

ಭಾವನೆಗಳನ್ನು ಅರಿತು ನಡೆಯುವ ಈ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ಎಮೋಷನಲ್ ಇಂಟೆಲಿಜೆನ್ಸ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ಭಾವನಾತ್ಮಕ ಬುದ್ಧಿಮತ್ತೆ ಎಂದು ಅನುವಾದಿಸುವ ವಾಡಿಕೆಯಿದೆ. ನಾನು ಅದನ್ನು ಭಾವವಿವೇಕ ಎನ್ನಲು ಇಷ್ಟಪಡುತ್ತೇನೆ. ವಿವೇಕವೆಂದರೆ ಬೇರ್ಪಡಿಸಿ ತಿಳಿಯುವುದು. ಹಾಲನ್ನೂ ನೀರನ್ನೂ ಬೇರೆ ಮಾಡುವ ಹಂಸದ ಕೆಲಸ. ತನ್ನೊಳಗೆ ಎದ್ದದ್ದು ಸಿಟ್ಟೋ ಅಂಜಿಕೆಯೋ, ಎದುರಿನವನ ಮೌನ ಒಪ್ಪಿಗೆಯೋ ನೋವೋ ಎಂದು ಬಿಡಿಸಿ ನೋಡುವುದೇ ಇಲ್ಲಿಯ ಮೊದಲ ಕೆಲಸವಾದುದರಿಂದ ಆ ಶಬ್ದ ಒಪ್ಪುತ್ತದೆಂದು ನನ್ನ ಭಾವನೆ.

ಈ ವಿಚಾರ ಬೆಳೆದುಬಂದ ಬಗೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. 1905ರಲ್ಲಿ ಪ್ಯಾರಿಸ್ ನಗರದಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ ಎಂಬವರು ಮಕ್ಕಳ ಬುದ್ಧಿಯನ್ನು ಅಳೆಯುವ ಮೊದಲ ವ್ಯವಸ್ಥಿತ ಪರೀಕ್ಷೆಯನ್ನು ಸಿದ್ಧಪಡಿಸಿದರು. ಅಂದಿನಿಂದ ಬುದ್ಧಿಯೆಂದರೆ ಲೆಕ್ಕ, ತರ್ಕ, ಭಾಷೆಗಳ ಚುರುಕು ಎಂಬ ಭಾವನೆ ಬೇರೂರಿತು. ಜನರೊಡನೆ ವಿವೇಕದಿಂದ ವರ್ತಿಸುವುದೂ ಒಂದು ಬಗೆಯ ಬುದ್ಧಿಯೇ ಎಂದು 1920ರಲ್ಲಿಯೇ ಅಮೆರಿಕೆಯ ಥಾರ್ನ್‌ಡೈಕ್ ಸೂಚಿಸಿದ್ದರು. 1983ರಲ್ಲಿ ಹೊವರ್ಡ್ ಗಾರ್ಡ್ನರ್, ಬುದ್ಧಿ ಒಂದೇ ಅಲ್ಲ, ಹಲವು ಎಂದು ವಾದಿಸಿ, ತನ್ನನ್ನು ತಾನು ಅರಿಯುವುದು ಮತ್ತು ಇತರರನ್ನು ಅರಿಯುವುದು ಎಂಬ ಎರಡನ್ನೂ ಆ ಪಟ್ಟಿಯಲ್ಲಿ ಸೇರಿಸಿದರು. 1990ರಲ್ಲಿ ಪೀಟರ್ ಸ್ಯಾಲೊವೆ ಮತ್ತು ಜಾನ್ ಮೇಯರ್ ತಮ್ಮ ಲೇಖನವೊಂದರಲ್ಲಿ ಈ ಶಕ್ತಿಗೆ ಶಾಸ್ತ್ರೀಯವಾದ ಚೌಕಟ್ಟು ಕೊಟ್ಟರು. 1995ರಲ್ಲಿ ಪತ್ರಕರ್ತರೂ ಮನಶ್ಶಾಸ್ತ್ರ ಓದಿದವರೂ ಆದ ಡೇನಿಯಲ್ ಗೋಲ್‌ಮನ್ನರ ಗ್ರಂಥ ಪ್ರಕಟವಾದ ಮೇಲೆ ಈ ಮಾತು ಲೋಕದ ಬಾಯಿಗೆ ಬಿತ್ತು.

ಸ್ಯಾಲೊವೆ ಮತ್ತು ಮೇಯರ್ 1997ರ ಹೊತ್ತಿಗೆ ಈ ಶಕ್ತಿಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಮೊದಲನೆಯದು, ತನ್ನ ಮತ್ತು ಇತರರ ಭಾವವನ್ನು ಮುಖದಲ್ಲಿ, ದನಿಯಲ್ಲಿ ಗುರುತಿಸುವುದು. ಎರಡನೆಯದು, ಆ ಭಾವವನ್ನು ಆಲೋಚನೆಗೆ ನೆರವಾಗುವಂತೆ ಬಳಸುವುದು. ಮೂರನೆಯದು, ಒಂದು ಭಾವ ಏಕೆ ಹುಟ್ಟಿತು, ಮುಂದೆ ಯಾವ ಭಾವವಾಗಿ ತಿರುಗುತ್ತದೆ ಎಂದು ತಿಳಿಯುವುದು. ಕೊನೆಯದು, ಅದನ್ನು ತಕ್ಕಂತೆ ನಿಭಾಯಿಸುವುದು. ಹೇಳಲು ಇದು ಸುಲಭ. ಇದು ಎಷ್ಟು ಕಷ್ಟವೆಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ನಾನು ಒಂದು ಜಿಲ್ಲಾಕೇಂದ್ರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಕೆಲವು ವರ್ಷ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಒಂದು ವರ್ಷ ನಿಲಯದ ಕಾರ್ಯದರ್ಶಿಯನ್ನಾಗಿ ನಾನು ಆರಿಸಿದ್ದು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನಗಳನ್ನು ತಂದಿದ್ದ ಹುಡುಗನನ್ನು. ಎದ್ದು ನಿಂತರೆ ಸಭೆ ತಲೆದೂಗುತ್ತಿತ್ತು. ಅದೇ ನಾಯಕತ್ವವೆಂದು ನಾನು ತಿಳಿದಿದ್ದೆ. ಆ ಬೇಸಿಗೆಯಲ್ಲಿ ಎರಡು ದಿನ ನಿಲಯಕ್ಕೆ ನೀರು ಬರಲಿಲ್ಲ. ಎರಡನೆಯ ರಾತ್ರಿ ಸಾರಿನಲ್ಲಿ ಹುಳು ಕಾಣಿಸಿತು. ಹುಡುಗರು ತಟ್ಟೆ ಬಡಿಯತೊಡಗಿದರು. ಕಾರ್ಯದರ್ಶಿ ಬೆಂಚಿನ ಮೇಲೆ ಹತ್ತಿ ಮಾತನಾಡಿದ. ಬಹಳ ಚೆನ್ನಾಗಿ ಮಾತನಾಡಿದ. ಮಾತು ಮುಗಿಯುವ ಮೊದಲೇ ತಟ್ಟೆಗಳು ಹಾರಿದವು. ಒಂದು ತಟ್ಟೆ ಅಡುಗೆಮನೆಯ ಕೆಲಸದ ಹುಡುಗನ ಹಣೆಗೆ ತಗುಲಿ ರಕ್ತ ಸುರಿಯಿತು. ಆಗ ಆ ಭಾಷಣಕಾರನ ಮುಖವನ್ನು ನೋಡಬೇಕಾಗಿತ್ತು. ಬೆಂಚಿನ ಮೇಲೆಯೇ ನಡುಗುತ್ತ ನಿಂತಿದ್ದ. 'ಹೀಗಾಗಲಿ ಅಂತ ನಾನು ಹೇಳಲಿಲ್ಲ ಸಾರ್' ಎಂದ. ಅದು ನಿಜವೇ ಆಗಿತ್ತು.

ನಾನು ಆ ನಡುಕವನ್ನು ನೋಡಿಯೂ ನೋಡಲಿಲ್ಲ. ನನಗೂ ಸಿಟ್ಟು ಏರಿತ್ತು. ನಾನೇ ಆರಿಸಿದವನು ನನ್ನ ಮಾನ ಕಳೆದನೆಂಬ ಅವಮಾನ ಅದರೊಳಗೆ ಅಡಗಿತ್ತು. ಮರುದಿನ ಎಲ್ಲರ ಮುಂದೆ ಅವನಿಂದ ತಪ್ಪೊಪ್ಪಿಗೆ ಓದಿಸಿದೆ. ಅವನು ತಲೆತಗ್ಗಿಸಿ ಓದಿದ. ರಜೆ ಕಳೆದು ಕಾಲೇಜು ತೆರೆದಾಗ ಅವನು ಬರಲಿಲ್ಲ. ಓದನ್ನೇ ಬಿಟ್ಟನೆಂದು ಆಮೇಲೆ ತಿಳಿಯಿತು. ಶಿಸ್ತು ಕಾಪಾಡಿದೆನೆಂದು ಸಹೋದ್ಯೋಗಿಗಳು ನನ್ನನ್ನು ಮೆಚ್ಚಿಕೊಂಡಿದ್ದರು. ಓಡುತ್ತಿದ್ದ ಉತ್ತರನನ್ನು ಹಿಡಿದು ತರುವ ಬದಲು ನಾನು ಅವನನ್ನು ಇನ್ನಷ್ಟು ದೂರ ಓಡಿಸಿದ್ದೆ. ಈ ಮಾತನ್ನು ಹೇಳಿಕೊಳ್ಳಲು ನನಗೆ ಬಹಳ ವರ್ಷಗಳು ಬೇಕಾದವು.

ಅದೇ ರಾತ್ರಿ ಇನ್ನೊಬ್ಬ ಹುಡುಗ ಮತ್ತೊಂದು ರೀತಿ ನಡೆದುಕೊಂಡಿದ್ದ. ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿ, ಹೆಚ್ಚು ಮಾತಿಲ್ಲದವನು. ಗಾಯಗೊಂಡವನ ಹಣೆ ತೊಳೆದು ಬಟ್ಟೆ ಕಟ್ಟಿ, ಆಮೇಲೆ ಕೋಣೆಯಿಂದ ಕೋಣೆಗೆ ಹೋಗಿ ಕುಳಿತು ಕೇಳಿದ. ಅಡುಗೆಭಟ್ಟರನ್ನೂ ಕೇಳಿದ. ಬೆಳಿಗ್ಗೆ ನನ್ನ ಬಳಿ ಬಂದು, 'ಸಾರ್, ಹುಡುಗರ ಸಿಟ್ಟು ಸಾರಿನ ಮೇಲಲ್ಲ. ಭೋಜನದ ಬಾಕಿ ಕಟ್ಟದಿದ್ದವರಿಗೆ ಪರೀಕ್ಷೆಯ ಪ್ರವೇಶಪತ್ರ ಸಿಗೋದಿಲ್ಲ ಅನ್ನೋ ಸುದ್ದಿ ಹಬ್ಬಿದೆ. ಅವರಿಗೆ ಹೆದರಿಕೆಯಾಗಿದೆ' ಎಂದ. ಭಟ್ಟರು ಎರಡು ದಿನಗಳಿಂದ ದೂರದ ಬಾವಿಯಿಂದ ನೀರು ಹೊತ್ತು ಕತ್ತಲಲ್ಲಿ ಅಡುಗೆ ಮಾಡಿದ್ದರೆಂಬುದನ್ನೂ ಹೇಳಿದ. ಸುದ್ದಿ ಸುಳ್ಳೆಂದು ಫಲಕದಲ್ಲಿ ಬರೆಸಿದೆ; ನೀರಿನ ಗಾಡಿ ತರಿಸಿದೆ. ಸಂಜೆಯ ಹೊತ್ತಿಗೆ ನಿಲಯ ಶಾಂತವಾಯಿತು. ಸಿಟ್ಟಿನ ಕೆಳಗೆ ಅಂಜಿಕೆಯಿತ್ತು. ಅದನ್ನು ಕಂಡವನು ನಾಯಕ. ಕಾಣದೆ ಸಿಟ್ಟಿಗೇ ಗಾಳಿ ಹಾಕಿದವನು ಬರಿಯ ಭಾಷಣಕಾರ. ಬಹುಮಾನಗಳ ಪಟ್ಟಿಯಲ್ಲಿ ಈ ವ್ಯತ್ಯಾಸ ನನಗೆ ಗೋಚರಿಸಿರಲಿಲ್ಲ.

ಭಾವವನ್ನು ನಿಭಾಯಿಸುವುದೆಂದರೆ ಅದುಮಿಡುವುದೆಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆಯ ಜುಗುಪ್ಸೆ ಹುಟ್ಟಿಸುವ ಚಿತ್ರವನ್ನು ತೋರಿಸಲಾಯಿತು. ಕೆಲವರಿಗೆ, ಮುಖದಲ್ಲಿ ಏನನ್ನೂ ತೋರಗೊಡಬೇಡಿರೆಂದು ಹೇಳಿದ್ದರು. ಇನ್ನು ಕೆಲವರಿಗೆ, ವೈದ್ಯರು ನೋಡುವ ನಿರ್ಲಿಪ್ತ ದೃಷ್ಟಿಯಿಂದ ನೋಡಿರೆಂದು ಹೇಳಿದ್ದರು. ಮೊದಲನೆಯವರ ಮುಖ ಶಾಂತವಾಗಿತ್ತು. ಆದರೆ ಒಳಗಿನ ಅಸಹ್ಯ ಕಡಿಮೆಯಾಗಲಿಲ್ಲ, ದೇಹದ ತಳಮಳವಂತೂ ಹೆಚ್ಚಿತು. ಎರಡನೆಯವರಲ್ಲಿ ಅಸಹ್ಯವೇ ತಗ್ಗಿತು. ಭಾವವನ್ನು ಅದುಮುತ್ತಿರುವವರಿಗೆ ಆ ಹೊತ್ತಿನಲ್ಲಿ ಕೇಳಿದ, ಕಂಡ ವಿವರಗಳು ಸರಿಯಾಗಿ ನೆನಪಿನಲ್ಲಿ ಉಳಿಯುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಹಲ್ಲು ಕಚ್ಚಿ ಕುಳಿತ ನಾಯಕ ಎದುರಿನವರ ಮಾತನ್ನು ಪೂರ್ತಿಯಾಗಿ ಕೇಳಲಾರ ಎಂದಾಯಿತು. ಆದುದರಿಂದ ನೋಡುವ ದೃಷ್ಟಿಯನ್ನು ಬದಲಿಸಿಕೊಳ್ಳುವುದು ಬಾಯಿಗೆ ಬೀಗ ಹಾಕಿಕೊಳ್ಳುವುದಕ್ಕಿಂತ ಮೇಲು. 'ಇವನು ನನ್ನನ್ನು ವಿರೋಧಿಸುತ್ತಿದ್ದಾನೆ' ಎಂಬ ಎಡೆಯಲ್ಲಿ 'ಇವನಿಗೆ ಏನೋ ನೋವಾಗಿದೆ' ಎಂದುಕೊಂಡರೆ, ಸಿಟ್ಟು ಕುತೂಹಲವಾಗಿ ಮಾರ್ಪಡುತ್ತದೆ.

ವಿದ್ಯಾರ್ಥಿದೆಸೆಯಲ್ಲಿ ಇದು ವಿಶೇಷವಾಗಿ ಅಗತ್ಯವಾಗಲು ಕಾರಣವಿದೆ. ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಅದರ ಜೊತೆಗೆ ಗೆಳೆಯರ ಗುಂಪು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಂದ ಮೋಟಾರು ಓಡಿಸುವ ಆಟವೊಂದನ್ನು ಗಣಕಯಂತ್ರದ ಮೇಲೆ ಆಡಿಸಿದರು. ಒಬ್ಬರೇ ಇದ್ದಾಗ ಎಚ್ಚರದಿಂದ ಆಡಿದ ಕಿರಿಯರು, ಗೆಳೆಯರು ಪಕ್ಕದಲ್ಲಿದ್ದಾಗ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಹದಿನೆಂಟರಿಂದ ಇಪ್ಪತ್ತೆರಡರವರಲ್ಲಿಯೂ ಈ ಪ್ರಭಾವ ಕಂಡಿತು. ಅದಕ್ಕಿಂತ ಹಿರಿಯರಲ್ಲಿ ಕಾಣಲಿಲ್ಲ. ನನ್ನ ಕಾರ್ಯದರ್ಶಿ ಒಬ್ಬನೇ ನನ್ನ ಕೋಣೆಗೆ ಬಂದಿದ್ದರೆ ಆಡುತ್ತಿದ್ದ ಮಾತು ಬೇರೆ. ತಟ್ಟೆ ಬಡಿಯುವ ನೂರು ಜನರ ಮುಂದೆ ಅವನು ಆಡಿದ ಮಾತು ಬೇರೆ.

ಭಾವವು ಒಬ್ಬರಿಂದೊಬ್ಬರಿಗೆ ಹರಡುತ್ತದೆಂಬುದೂ ಪರೀಕ್ಷೆಯಿಂದ ತಿಳಿದಿದೆ. ಸಿಗಾಲ್ ಬಾರ್ಸೇಡ್ ಎಂಬ ವಿದುಷಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ, ನೌಕರರಿಗೆ ಬೋನಸ್ ಹಣವನ್ನು ಹಂಚುವ ಕೆಲಸ ಕೊಟ್ಟು, ಪ್ರತಿ ಗುಂಪಿನಲ್ಲಿಯೂ ತರಬೇತಿ ಪಡೆದ ನಟನೊಬ್ಬನನ್ನು ಗುಟ್ಟಾಗಿ ಸೇರಿಸಿದ್ದರು. ಅವನು ಒಂದು ಗುಂಪಿನಲ್ಲಿ ಪ್ರಸನ್ನನಾಗಿಯೂ ಇನ್ನೊಂದರಲ್ಲಿ ಸಿಡುಕನಾಗಿಯೂ ವರ್ತಿಸಿದ. ಅವನ ಮನಃಸ್ಥಿತಿ ಉಳಿದವರಿಗೆ ಅಂಟಿಕೊಂಡಿತು. ಪ್ರಸನ್ನತೆ ಹರಡಿದ ಗುಂಪುಗಳಲ್ಲಿ ಜಗಳ ಕಡಿಮೆಯಾಗಿ ಸಹಕಾರ ಹೆಚ್ಚಿತು. ಒಬ್ಬ ಅನಾಮಿಕ ಸದಸ್ಯನ ಮುಖಭಾವಕ್ಕೇ ಇಷ್ಟು ಬಲವಿರುವಾಗ, ಎಲ್ಲರ ಕಣ್ಣು ನೆಟ್ಟಿರುವ ನಾಯಕನ ಮುಖಕ್ಕೆ ಎಷ್ಟಿರಬಹುದು! ಇಂದು ಈ ಹರಡುವಿಕೆ ಮೊಬೈಲಿನ ಗುಂಪುಗಳಲ್ಲಿ ರಾತ್ರಿ ಹಗಲೆನ್ನದೆ ನಡೆಯುತ್ತಿದೆ. ಅಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ದನಿಯ ನಡುಕ ಕೇಳುವುದಿಲ್ಲ. ಆದುದರಿಂದ ಎಚ್ಚರ ಇನ್ನೂ ಹೆಚ್ಚಾಗಿ ಬೇಕು.

ಹಾಗಾದರೆ ವಿದ್ಯಾರ್ಥಿ ನಾಯಕನಿಗೆ ಕೆಚ್ಚು ಬೇಡವೆ? ಬೇಕು. ಇಲ್ಲಿ ನಮ್ಮ ಕಾವ್ಯಮೀಮಾಂಸೆ ಒಂದು ಬೆಲೆಯುಳ್ಳ ಭೇದವನ್ನು ತೋರಿಸಿಕೊಟ್ಟಿದೆ. ನಾಟ್ಯಶಾಸ್ತ್ರದಲ್ಲಿ ಭರತಮುನಿ ಎಂಟು ಸ್ಥಾಯಿಭಾವಗಳನ್ನೂ ಮೂವತ್ತಮೂರು ವ್ಯಭಿಚಾರಿಭಾವಗಳನ್ನೂ ಎಂಟು ಸಾತ್ತ್ವಿಕಭಾವಗಳನ್ನೂ ಹೆಸರಿಸುತ್ತಾನೆ. ಅವುಗಳಲ್ಲಿ ರೌದ್ರರಸಕ್ಕೆ ಸ್ಥಾಯಿ ಕ್ರೋಧ. ವೀರರಸಕ್ಕೆ ಸ್ಥಾಯಿ ಉತ್ಸಾಹ. ವೀರಕ್ಕೆ ಮೂಲ ಕ್ರೋಧವಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಕಾಲೇಜುಗಳ ಚಳವಳಿಗಳಲ್ಲಿ, ಚುನಾವಣೆಗಳಲ್ಲಿ, ಎಷ್ಟೋ ಬಾರಿ ರೌದ್ರವನ್ನೇ ವೀರವೆಂದು ಭ್ರಮಿಸಿ ಚಪ್ಪಾಳೆ ತಟ್ಟಿದ್ದೇವೆ. ಕ್ರೋಧಕ್ಕೆ ಒಬ್ಬ ಶತ್ರು ಬೇಕು. ಉತ್ಸಾಹಕ್ಕೆ ಒಂದು ಕಾರ್ಯ ಸಾಕು. ಅನ್ಯಾಯ ಕಂಡಾಗ ಸಿಟ್ಟು ಬರುವುದು ಸಹಜ, ಬರಲೂ ಬೇಕು. ಅದನ್ನು ಕಾರ್ಯೋತ್ಸಾಹವನ್ನಾಗಿ ತಿರುಗಿಸಬಲ್ಲವನೇ ನಾಯಕ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಇತರರ ಹೃದಯವನ್ನು ಓದಬಲ್ಲವನು ಅದನ್ನು ತನ್ನ ಸ್ವಾರ್ಥಕ್ಕೂ ಬಳಸಬಹುದಲ್ಲವೆ? ಖಂಡಿತವಾಗಿ. ಮಹಾಭಾರತದಲ್ಲಿಯೇ ಶಕುನಿಯಿದ್ದಾನೆ. ಧರ್ಮರಾಯನಿಗೆ ಜೂಜೆಂದರೆ ಆಸೆ, ಕರೆದರೆ ಬರಲಾರೆನೆನ್ನುವ ಧೈರ್ಯವಿಲ್ಲ, ಸೋತಷ್ಟೂ ಹಠ ಹೆಚ್ಚುತ್ತದೆ ಎಂಬುದೆಲ್ಲ ಶಕುನಿಗೆ ಕರತಲಾಮಲಕ. ಭಾವವನ್ನು ಗುರುತಿಸುವುದರಲ್ಲಿ, ಅದರ ಮುಂದಿನ ನಡೆಯನ್ನು ಊಹಿಸುವುದರಲ್ಲಿ ಅವನು ಯಾರಿಗೂ ಕಡಿಮೆಯಲ್ಲ. ಆದರೆ ಅದು ಭಾವಚಾತುರ್ಯ, ಭಾವವಿವೇಕವಲ್ಲ. ಎರಡನ್ನೂ ಬೇರ್ಪಡಿಸಲು ಒಂದೇ ಒರೆಗಲ್ಲು: ಆ ನಾಯಕನ ಜೊತೆ ಒಡನಾಡಿದ ಮೇಲೆ ಎದುರಿನವನು ಮೊದಲಿಗಿಂತ ದೊಡ್ಡವನಾದನೋ ಚಿಕ್ಕವನಾದನೋ? ಶಕುನಿಯ ಎದುರು ಕುಳಿತ ಧರ್ಮರಾಯ ಎಲ್ಲವನ್ನೂ ಕಳೆದುಕೊಂಡು ಎದ್ದ. ಅರ್ಜುನನ ಪಕ್ಕದಲ್ಲಿ ಕುಳಿತ ಉತ್ತರ ತಾನು ಅರಿಯದಿದ್ದ ಧೈರ್ಯವನ್ನು ಪಡೆದು ಎದ್ದ.

ಈ ವಿಷಯದಲ್ಲಿ ಉತ್ಪ್ರೇಕ್ಷೆಯೂ ಬಹಳ ನಡೆದಿದೆ. ಬುದ್ಧಿಶಕ್ತಿ ಬೇಡ, ಭಾವವಿವೇಕವೊಂದೇ ಜೀವನದ ಯಶಸ್ಸಿಗೆ ಸಾಕು ಎಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ಅದನ್ನು ಅಳೆಯುವುದೂ ಕಷ್ಟ. 'ನಾನು ಇತರರ ಭಾವನೆಗಳನ್ನು ಚೆನ್ನಾಗಿ ಅರಿಯುತ್ತೇನೆ' ಎಂಬ ಹೇಳಿಕೆಗೆ ತಾನೇ ಅಂಕ ಹಾಕಿಕೊಳ್ಳುವ ಪ್ರಶ್ನಾವಳಿಗಳುಂಟು. ಅಂತಃಪುರದಲ್ಲಿ ಕುಳಿತ ಉತ್ತರಕುಮಾರನಿಗೆ ಕೊಟ್ಟಿದ್ದರೆ ನೂರಕ್ಕೆ ನೂರು ಹಾಕಿಕೊಳ್ಳುತ್ತಿದ್ದನು! ನಿಯಮಗಳೂ ಇದನ್ನು ಹಿಡಿಯಲಾರವು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ ರಚಿತವಾದ ಲಿಂಗ್ಡೊ ಸಮಿತಿ 2006ರಲ್ಲಿ ವಿದ್ಯಾರ್ಥಿ ಚುನಾವಣೆಗಳಿಗೆ ನಿಯಮಗಳನ್ನು ಸೂಚಿಸಿತು: ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಬಾರದು, ಹಾಜರಿ ನೂರಕ್ಕೆ 75 ಇರಬೇಕು, ಇತ್ಯಾದಿ. ಇವು ಬೇಕಾದ ನಿಯಮಗಳೇ. ಆದರೆ ಹಣವನ್ನೂ ಹಾಜರಿಯನ್ನೂ ಎಣಿಸಬಹುದು. ಒಬ್ಬನ ಕಿವಿ ಎಷ್ಟು ತೆರೆದಿದೆಯೆಂದು ಯಾವ ಸಮಿತಿಯೂ ಎಣಿಸಲಾರದು.

ಸಂತೋಷದ ಸಂಗತಿಯೆಂದರೆ ಇದು ಹುಟ್ಟಿನಿಂದಲೇ ಬಂದು ಹಾಗೆಯೇ ಉಳಿಯುವ ಗುಣವಲ್ಲ. ಅಭ್ಯಾಸದಿಂದ ತಕ್ಕಮಟ್ಟಿಗೆ ಬೆಳೆಯುತ್ತದೆ. ಅಭ್ಯಾಸಕ್ಕೆ ಮೊದಲ ಸಾಧನ ಶಬ್ದ. ತನ್ನ ಭಾವಕ್ಕೆ ಹೆಸರು ಕೊಟ್ಟೊಡನೆ ಅದರ ಉರಿ ಸ್ವಲ್ಪ ತಗ್ಗುತ್ತದೆಂದು ಮಿದುಳಿನ ಅಧ್ಯಯನಗಳು ಸೂಚಿಸಿವೆ. ಕನ್ನಡದಲ್ಲಿ ಸಿಟ್ಟು ಬೇರೆ, ಮುನಿಸು ಬೇರೆ, ಸೆಡವು ಬೇರೆ, ರೋಷ ಬೇರೆ, ಅಳಲು ಬೇರೆ. ಎಲ್ಲಕ್ಕೂ 'ಬೇಜಾರು' ಎಂಬ ಒಂದೇ ಮಾತನ್ನು ಬಳಸುವ ತರುಣ ತನ್ನ ಮನಸ್ಸಿನ ಅರ್ಧ ನಕ್ಷೆಯನ್ನು ಕಳೆದುಕೊಂಡಿದ್ದಾನೆ. ಕಥೆ, ಕಾದಂಬರಿ, ನಾಟಕಗಳನ್ನು ಓದುವುದರಿಂದ ಏನು ಪ್ರಯೋಜನ ಎಂದು ಕೇಳುವ ವಿಜ್ಞಾನ ವಿದ್ಯಾರ್ಥಿಗಳಿಗೆ ನಾನು ಕೊಡುವ ಉತ್ತರ ಇದೇ. ಇನ್ನೊಬ್ಬರ ಹೃದಯಕ್ಕೆ ಸಮನಾಗಿ ಮಿಡಿಯಬಲ್ಲವನನ್ನು ನಮ್ಮ ಹಿರಿಯರು ಸಹೃದಯನೆಂದರು. ಕಾವ್ಯದ ಮುಂದೆ ಸಹೃದಯನಾಗಲು ಕಲಿತವನಿಗೆ ಸಹಪಾಠಿಯ ಮುಂದೆ ಹಾಗಾಗುವುದು ಸುಲಭವಾದೀತು.

ಎರಡನೆಯ ಸಾಧನ, ಕೂಡಿ ದುಡಿಯುವ ಸಂದರ್ಭ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಅದರ ಶಿಬಿರಗಳಲ್ಲಿ ಹುಡುಗರೂ ಹುಡುಗಿಯರೂ ಹಳ್ಳಿಯಲ್ಲಿ ಉಳಿದು, ಗುದ್ದಲಿ ಹಿಡಿದು, ತಾವೇ ಅಡುಗೆ ಬಡಿಸಿಕೊಂಡು ಬಾಳುತ್ತಾರೆ. ಮೂರನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದಾಗ, ಯಾರು ಗದರಿಸುತ್ತಾರೆ, ಯಾರು ಬಂದು ಪಕ್ಕದಲ್ಲಿ ಕೂಡುತ್ತಾರೆ ಎಂಬುದು ತಾನಾಗಿಯೇ ತಿಳಿಯುತ್ತದೆ. ನಾಯಕರನ್ನು ಆರಿಸಬೇಕಾದ ಅಧ್ಯಾಪಕರು ಭಾಷಣದ ವೇದಿಕೆಯನ್ನು ನೋಡುವುದಕ್ಕಿಂತ ಆ ಮೂರನೆಯ ದಿನವನ್ನು ನೋಡುವುದು ಲೇಸು.

ಮೂರನೆಯ ಸಾಧನ ನಾವು, ಹಿರಿಯರು. ಮೇಷ್ಟ್ರು ತರಗತಿಯಲ್ಲಿ ಸಿಟ್ಟನ್ನು ಹೇಗೆ ನಿಭಾಯಿಸುತ್ತಾರೆ, ತಪ್ಪು ಮಾಡಿದ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸುತ್ತಾರೋ ಒಂಟಿಯಾಗಿ ಕರೆದು ಮಾತನಾಡಿಸುತ್ತಾರೋ ಎಂಬುದನ್ನು ನೂರು ಕಣ್ಣುಗಳು ನೋಡುತ್ತಿರುತ್ತವೆ. ಆ ಪಾಠಕ್ಕೆ ಪರೀಕ್ಷೆಯಿಲ್ಲ, ಆದರೆ ಅದೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ನಾನು ಕಲಿಸಿದ ಕೆಟ್ಟ ಪಾಠವೊಂದನ್ನು ಆಗಲೇ ನಿಮ್ಮ ಮುಂದೆ ಹೇಳಿದ್ದೇನೆ.

ಮತ್ತೆ ಉತ್ತರನ ಬಳಿಗೆ ಹೋಗೋಣ. ಗೋವುಗಳು ಹಿಂದಿರುಗಿದವು. ಗೆಲವನ್ನು ನಿನ್ನದೆಂದೇ ಹೇಳಿಕೋ ಎಂದು ಅರ್ಜುನ ಸೂಚಿಸಿದ್ದ. ಆದರೆ ತಂದೆ ಹೊಗಳತೊಡಗಿದಾಗ ಉತ್ತರ, ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ ಎಂದುಬಿಟ್ಟ. ಬೆಳಿಗ್ಗೆ ಮಾಡದ ಸಾಹಸವನ್ನು ಕೊಚ್ಚಿಕೊಂಡಿದ್ದ ಬಾಯಿ, ಸಂಜೆಗೆ ಕೈಗೆ ಬಂದ ಕೀರ್ತಿಯನ್ನು ಬೇಡವೆಂದಿತು. ಮುಂದೆ ಕುರುಕ್ಷೇತ್ರದ ಮೊದಲ ದಿನ ಅದೇ ಹುಡುಗ ಆನೆಯನ್ನೇರಿ ಶಲ್ಯನಂಥ ಮಹಾರಥಿಯನ್ನು ಎದುರಿಸಿ ಅಲ್ಲಿಯೇ ಮಡಿದ. ಅಂದು ಅವನು ಓಡಲಿಲ್ಲ. ಗಾದೆ ಅವನ ಒಲೆಯ ಮುಂದಿನ ಪೌರುಷವನ್ನು ಮಾತ್ರ ನೆನಪಿಟ್ಟುಕೊಂಡಿದೆ. ಮಕ್ಕಳೊಡನೆ ವ್ಯವಹರಿಸುವ ನಾವು ಅವನ ಕೊನೆಯನ್ನೂ ನೆನಪಿಡಬೇಕು. ಅಂಜಿ ಓಡುವ ಹುಡುಗನೊಬ್ಬ ನಮ್ಮೆದುರು ಕಂಡಾಗ ನಗುವುದಕ್ಕಾಗಲಿ ದಂಡಿಸುವುದಕ್ಕಾಗಲಿ ಮೊದಲು, ಇವನ ಕೈಗೆ ಯಾವ ಹಗ್ಗವನ್ನು ಕೊಡಲಿ ಎಂದು ಒಂದು ಗಳಿಗೆ ಯೋಚಿಸಿದರೆ ಸಾಕು. ನಾನು ಅಂದು ಆ ಒಂದು ಗಳಿಗೆ ಯೋಚಿಸಿರಲಿಲ್ಲ.